ಗುರುವಾರದ ದಾರಿ

ಟಿಳಕವಾಡಿಯ ವ್ಯಾಕ್ಸಿನ್ ಡಿಪೋಗೆ ನಸುಕಿನಲ್ಲಿ ವಾಕಿಂಗಿಗೆ ಬರುವವರು ಮರಗಳಿಗಾಗಿ ಬರುತ್ತಾರೆ. ಬೆಳಗಾವಿಯ ನಡುಮಧ್ಯೆ ಅಷ್ಟು ಹಳೆಯ ಮರಗಳು ಒಂದೇ ಕಡೆ ನಿಂತಿರುವುದು ಅಪರೂಪ. ಹೆಸರಿನಲ್ಲಿರುವ ವ್ಯಾಕ್ಸಿನ್ ಯಾವುದು ಅಂತ ಕೇಳಿದರೆ ಹೆಚ್ಚಿನವರು ಕೊರೊನಾ ಅನ್ನುತ್ತಾರೆ. ಅಲ್ಲ, ಅದು ಸಿಡುಬಿನದು. ನಮ್ಮ ಕಡೆ ಸಿಡುಬನ್ನು ದೇವಿ ಎನ್ನುತ್ತಿದ್ದ ಕಾಲದಲ್ಲಿ, ತೋಳು ಕೊರೆದು ಲಸಿಕೆ ಹಾಕುವುದಕ್ಕೆ 'ದೇವಿ ಹಾಕೋದು' ಎಂದೇ ಹೆಸರಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಎದ್ದ ಈ ಸಂಸ್ಥೆ ಮುಂಬೈ ಪ್ರಾಂತ್ಯಕ್ಕೆ ಆ ಲಸಿಕೆ ಮಾಡಿಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ, ಸಿಡುಬಿನ ಬೇರು ಕೀಳುವ ಕೆಲಸ ಜೋರಾದಾಗ, ಬಿಸಿಲಿಗೆ ಬೇಗ ಕೆಡದ ಒಣ ಲಸಿಕೆಯನ್ನು ದೇಶಕ್ಕೆಲ್ಲ ಮಾಡುತ್ತಿದ್ದದ್ದು ನಾಲ್ಕೇ ಕಡೆ: ಪಟವಾಡಂಗರ್, ಮದರಾಸಿನ ಗಿಂಡಿ, ಹೈದರಾಬಾದ್, ಬೆಳಗಾವಿ. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ಸಿಕ್ಕಿತು. ಅದರ ಸೋಲಿನಲ್ಲಿ ಈ ಮರಗಳ ನೆರಳಿಗೂ ಒಂದು ಪಾಲಿದೆ.

2021ರ ಜನವರಿ 13ರಂದು ಪುಣೆಯಿಂದ ಕೋವಿಶೀಲ್ಡ್‌ನ 1 ಲಕ್ಷ 47 ಸಾವಿರ ಡೋಸು ಬೆಳಗಾವಿಗೆ ಬಂತು. ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಆ ಮೊದಲ ಕಂತು ಇಳಿದದ್ದು ಇಲ್ಲೇ. ಉತ್ತರದ ಜಿಲ್ಲೆಗಳಿಗೆ ಇಲ್ಲಿಂದಲೇ ಹಂಚಿಕೆ. ಅದಕ್ಕೂ ಮೊದಲು, 2020ರ ಜುಲೈನಲ್ಲಿ, ಕೋವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗಕ್ಕೆ ದೇಶದಲ್ಲಿ ಆರಿಸಿದ 12 ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನ್ ರೇಖಾ ಕೂಡ ಒಂದಾಗಿತ್ತು. ನೆಹರು ನಗರದ ರಾಷ್ಟ್ರೀಯ ಪಾರಂಪರಿಕ ವೈದ್ಯಪದ್ಧತಿ ಸಂಸ್ಥೆ ಗಂಟಲ ದ್ರವದ ಪರೀಕ್ಷೆಗೆ ಇಳಿದಿತ್ತು. ಇದೆಲ್ಲ ಪೇಪರಿನಲ್ಲಿ ಓದುವಾಗ ಎದೆ ಉಬ್ಬುತ್ತಿತ್ತು. ನನ್ನ ಊರು ಏನೂ ಇಲ್ಲದ ಊರಲ್ಲ, ಬೇಕಾದ್ದೆಲ್ಲ ಇಲ್ಲಿದೆ ಅನಿಸುತ್ತಿತ್ತು.

2021ರ ಮೇ ತಿಂಗಳಲ್ಲಿ, ಜಾಂಬೋಟಿಯ ಆಚೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಸೋದರತ್ತಿಗೆ ಲಕ್ವಾ ಹೊಡೆಯಿತು. ಕೊರೊನಾ ಬಂದಿರಲಿಲ್ಲ. ಬಿ.ಪಿ. ಗುಳಿಗಿ ಮುಗಿದಿತ್ತು, ಅಷ್ಟೇ.

ನಾನು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದೆ. ಪ್ರತಿ ಸಲ ಒಂದೇ ಪ್ರಶ್ನೆ: ಜ್ವರಾ ಇಲ್ಲಲ್ಲ ಅತ್ತಿ, ಕೆಮ್ಮಿಲ್ಲಲ್ಲ? "ಏನೂ ಇಲ್ಲಪಾ ತಮ್ಮಾ, ಆರಾಮ ಅದೀನಿ" ಅನ್ನುತ್ತಿದ್ದಳು. ಅವಳು ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಅದೇ ಆಗಿತ್ತು.

ಈಗ ಅವಳ ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅವಳನ್ನು ನೋಡಲು ಹೋಗುವ ಪ್ರತಿ ಸಲ ಚೋರ್ಲಾ ರಸ್ತೆಯಲ್ಲಿ ಕಿಣಯೆ, ಕುಸಮಳಿ ದಾಟಿ ಸೀದಾ ಜಾಂಬೋಟಿಗೆ ಹೋಗುವುದು ರೂಢಿ. ಈ ಸಲ ಖಾನಾಪುರ ಸುತ್ತಿ ಹೊರಟೆ. ಅತ್ತಿ ತಿಂಗಳಿಗೊಮ್ಮೆ ಗುಳಿಗಿಗೆ ಹೋಗುತ್ತಿದ್ದದ್ದು ಖಾನಾಪುರಕ್ಕೆ. ಅವಳ ದಾರಿಯನ್ನು ಆ ಕಡೆಯಿಂದ ಒಮ್ಮೆ ನಡೆದು ನೋಡಬೇಕಿತ್ತು. ಗುರುವಾರವೇ ಹೊರಟೆ. ನಮ್ಮ ರಾಜ್ಯದಲ್ಲಿ ಗುರುವಾರ ಅಂದರೆ ಹಳ್ಳಿಯ ಕೂಸುಗಳಿಗೆ ಸೂಜಿಯ ದಿನ.

ಬೆಳಗಾವಿಯಿಂದ ಖಾನಾಪುರಕ್ಕೆ ಮುಕ್ಕಾಲು ಗಂಟೆಯ ಹಾದಿ. ಪಿರನವಾಡಿ ದಾಟಿದ ಮೇಲೆ ಮಣ್ಣಿನ ಬಣ್ಣ ಕೆಂಪಾಗುತ್ತ ಹೋಗುತ್ತದೆ. ಖಾನಾಪುರದ ಹಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರು ತಂದ ಮಣ್ಣು ಅದು. ಬಸ್ಸು ತುಂಬಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕರ ಕೈಯಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ. ಸಿವಿಲ್ ದವಾಖಾನೆಗೆ ಹೋಗಿ ವಾಪಸಾಗುತ್ತಿದ್ದರು. ಜಿಲ್ಲಾಸ್ಪತ್ರೆಯನ್ನು ಬಿಮ್ಸ್ ಅಂತ ಕರೆದು ಎಷ್ಟೋ ವರ್ಷವಾದರೂ ಜನಕ್ಕೆ ಅದು ಇನ್ನೂ ಸಿವಿಲ್.

ಬಸ್ಸಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಆರೋಗ್ಯದ ಲೆಕ್ಕ ಬರೆಯುವವರು ಹಾಸಿಗೆ, ಡಾಕ್ಟರು, ಆಕ್ಸಿಜನ್ ಎಣಿಸುತ್ತಾರೆ, ಬಸ್ಸನ್ನು ಎಣಿಸುವುದಿಲ್ಲ. 2020ರ ಮಾರ್ಚ್‌ನಲ್ಲಿ ನಿಂತ ಸರ್ಕಾರಿ ಬಸ್ಸುಗಳು ಮತ್ತೆ ಓಡಿದ್ದು ಮೇ 19ಕ್ಕೆ. ಎರಡನೇ ವರ್ಷದ್ದು ಇನ್ನೂ ಕಠಿಣ. 2021ರ ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರ ಮುಷ್ಕರ. ಚಕ್ರ ತಿರುಗತೊಡಗಿ ವಾರವಾಗಿರಲಿಲ್ಲ, 27ರಿಂದ ಮತ್ತೆ ಲಾಕ್‌ಡೌನ್. ಸೋಂಕು ಇಳಿಯದ ಜಿಲ್ಲೆಗಳ ಪಟ್ಟಿಯಲ್ಲಿ ಬೆಳಗಾವಿ ಇದ್ದದ್ದರಿಂದ ನಮ್ಮಲ್ಲಿ ಬಸ್ಸು ಹೊರಟದ್ದು ಜೂನ್ 21ಕ್ಕೆ. ನಡುವಿನ ಆ ಒಂದು ವಾರ ಬಿಟ್ಟರೆ ಸುಮಾರು ಎರಡೂವರೆ ತಿಂಗಳು. ಅತ್ತಿಯ ಹತ್ತಿರ ಒಂದು ತಿಂಗಳಿಗಾಗುವಷ್ಟು ಗುಳಿಗಿ ಇತ್ತು. ಆ ಒಂದು ವಾರದಲ್ಲಿ ಯಾಕೆ ಹೋಗಲಿಲ್ಲ ಅಂತ ನಾನು ಆಮೇಲೆ ಕೇಳಿದ್ದೆ. "ದವಾಖಾನಿಗೆ ಹ್ವಾದ್ರ ಮೂಗಿನ್ಯಾಗ ಕಡ್ಡಿ ಹಾಕಿ ಒಯ್ತಾರಂತ ಹೇಳಿದ್ರಪಾ" ಅಂದಳು. ಅದೊಂದು ಮಾತು ಆಗ ಎಷ್ಟು ಊರುಗಳಲ್ಲಿ ಎಷ್ಟು ಜನರನ್ನು ಹೊಸ್ತಿಲೊಳಗೇ ಕೂರಿಸಿತ್ತೋ.

ಖಾನಾಪುರದಲ್ಲಿ ಇಳಿದರೆ ಮಲಪ್ರಭೆ ಊರ ಮಗ್ಗುಲಲ್ಲೇ ಹರಿಯುತ್ತಾಳೆ. ಅವಳು ಹುಟ್ಟುವ ಕಣಕುಂಬಿ ಇದೇ ತಾಲೂಕಿನ ಪಶ್ಚಿಮದ ತುದಿ. ಈ ತಾಲೂಕನ್ನು ಒಂದೇ ಊರೆಂಬಂತೆ ಲೆಕ್ಕ ಹಾಕುವುದು ತಪ್ಪು. ಪೂರ್ವಕ್ಕೆ ಬೀಡಿ, ಇಟಗಿ, ಪಾರಿಶ್ವಾಡ: ಬಯಲು ಹೊಲ, ಕನ್ನಡದ ಮಾತು, ಕಾಲಿಟ್ಟಲ್ಲಿ ರಸ್ತೆ. ನಡುವೆ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ. ಪಶ್ಚಿಮಕ್ಕೆ ಜಾಂಬೋಟಿ, ಹೆಮ್ಮಡಗಾ, ಲೋಂಡಾ: ಸಹ್ಯಾದ್ರಿಯ ಕಾಡು, ಮನೆಮಾತು ಮರಾಠಿ, ಕೊಂಕಣಿ, ಅಲ್ಲಲ್ಲಿ ಗೌಳಿ ವಾಡೆಗಳು, ಸಿದ್ದಿಯರ ಕೇರಿಗಳು. 2011ರಲ್ಲಿ ಭೀಮಗಡ ವನ್ಯಧಾಮ ಘೋಷಣೆಯಾದಾಗ ಆಮಗಾಂವ, ಗವಾಳಿ, ಕೊಂಗಳಾ, ಪಾಸ್ತೋಳಿ, ತಳೇವಾಡಿಯಂಥ ಊರುಗಳು ಅದರ ಒಳಗೇ ಉಳಿದವು. ಬಯಲಿನಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. ಗುಡ್ಡಗಾಡಿಗೆ ಹತ್ತು ಸಾವಿರದ ವಿನಾಯಿತಿ ಕೊಟ್ಟವರು ಒಳ್ಳೆಯ ಮನಸ್ಸಿನವರೇ ಇರಬೇಕು. ಆದರೆ ಈ ಕಾಡಿನಲ್ಲಿ ಜನಸಂಖ್ಯೆಯ ಅಳತೆ ನಡೆಯುವುದಿಲ್ಲ. ಇಲ್ಲಿ ನಡೆಯುವ ಅಳತೆ ಎಷ್ಟು ಹಳ್ಳ ದಾಟಬೇಕು ಎಂಬುದು.

ಜಾಂಬೋಟಿಯ ಬಸ್ಸಿಗೆ ಕಾಯುತ್ತ ತಾಲೂಕು ಆಸ್ಪತ್ರೆಯ ಕಡೆ ಹೋಗಿ ನಿಂತೆ. ಸಕ್ಕರೆ ಕಾಯಿಲೆ, ಬಿ.ಪಿ. ಗುಳಿಗಿಗೆ ಬಂದ ಮುದುಕ ಮುದುಕಿಯರ ಸಾಲು; ಕೈಯಲ್ಲಿ ಮಡಚಿ ಮಡಚಿ ಸವೆದ ಚೀಟಿ. ಯಾರಿಗೂ ಅವಸರವಿಲ್ಲ. ಅವರ ಬೇನೆಗಳೂ ಹಾಗೇ, ಅವಸರವಿಲ್ಲದವು. ಮಹಾಮಾರಿ ಬಂದಾಗ ಮೊದಲು ಹಿಂದಕ್ಕೆ ತಳ್ಳಿಸಿಕೊಂಡದ್ದು ಈ ಸಾಲು. ಜಿಲ್ಲಾಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ತುರ್ತಲ್ಲದ ಆಪರೇಷನ್ನುಗಳು ಮುಂದಕ್ಕೆ ಹೋದವು. ಆಗ ಅದು ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತುರ್ತು ಅಲ್ಲ ಅಂತ ಬರೆಸಿಕೊಂಡ ಬೇನೆ ಎಲ್ಲಿ ಹೋಯಿತು, ಏನಾಯಿತು ಅಂತ ಹಿಂದೆ ಬಿದ್ದು ನೋಡುವವರು ಇರಲಿಲ್ಲ. ಕ್ಷಯದ ಲೆಕ್ಕದಲ್ಲಿ ಮಾತ್ರ ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 2019ರಲ್ಲಿ ದೇಶದಲ್ಲಿ 24.04 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು, 2020ರಲ್ಲಿ 18.05 ಲಕ್ಷ. ಕ್ಷಯ ಕಡಿಮೆಯಾಗಿರಲಿಲ್ಲ. ಆರು ಲಕ್ಷ ಜನ ಎಲ್ಲೋ ಕೆಮ್ಮುತ್ತ ಕೂತಿದ್ದರು. ಅದೂ ಕೆಮ್ಮಿದರೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷ.

ನಮಗೆ ಇದು ಹೊಸದಾದರೂ ಜಗತ್ತಿಗೆ ಹೊಸದಾಗಿರಲಿಲ್ಲ. 2014ರಿಂದ 2016ರವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ 11,000ಕ್ಕೂ ಹೆಚ್ಚು ಜನರನ್ನು ಕೊಂದಿತು. ದವಾಖಾನೆ ಮುಚ್ಚಿ, ಜನ ಹೆದರಿ, ಮಲೇರಿಯಾ, ಕ್ಷಯ, ಎಚ್‌ಐವಿಗೆ ಔಷಧಿ ಸಿಗದೆ ಸತ್ತವರ ಅಂದಾಜು ಮಾಡಿದಾಗ ಆ ಸಂಖ್ಯೆಯೂ ಎಬೋಲಾದ ಸಂಖ್ಯೆಯ ಹತ್ತಿರಕ್ಕೇ ಬಂತು. ಪಶ್ಚಿಮ ಆಫ್ರಿಕಾದ ಆ ಮೂರು ಬಡ ದೇಶಗಳ ಅನುಭವ ನಮ್ಮ ಕೈಗೆ ಸಿಕ್ಕಿ ಆಗಲೇ ನಾಲ್ಕು ವರ್ಷವಾಗಿತ್ತು.

ಜಾಂಬೋಟಿಯಲ್ಲಿ ಇಳಿದು ಟಂಟಂ ಹಿಡಿದು ಅತ್ತಿಯ ಊರಿಗೆ ಹೋಗುವಷ್ಟರಲ್ಲಿ ಹನ್ನೊಂದು ದಾಟಿತ್ತು. ಅಂಗನವಾಡಿಯ ಜಗಲಿಯ ಮೇಲೆ ಏಳೆಂಟು ಜನ ತಾಯಂದಿರು, ಮಡಿಲಲ್ಲಿ ಕೂಸುಗಳು. ನೀಲಿ ಪೆಟ್ಟಿಗೆಯಲ್ಲಿ ನಾಲ್ಕು ಐಸ್‌ಪ್ಯಾಕುಗಳ ನಡುವೆ ಲಸಿಕೆ. ಪೆಟ್ಟಿಗೆ ತಂದವರ ಹುದ್ದೆಗೆ ಸರ್ಕಾರ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರಿಟ್ಟಿದೆ. ಊರಿನವರಿಗೆ ಅವರು ನರ್ಸಬಾಯಿ. ಜೊತೆಗೆ ಗುಲಾಬಿ ಸೀರೆಯ ಆಶಾ. ಅವರನ್ನು ಇಲ್ಲಿ 'ಆಶಾತಾಯಿ' ಅನ್ನುತ್ತಾರೆ. ಮರಾಠಿಯ 'ತಾಈ' ಅಂದರೆ ಅಕ್ಕ. ಅದೇ ಮಾತು ಕನ್ನಡದ ಕಿವಿಗೆ ಬಿದ್ದಾಗ ಅವ್ವ ಆಗುತ್ತದೆ. ಎರಡೂ ಭಾಷೆ ಆಡುವ ಊರಿನಲ್ಲಿ ಎರಡೂ ಅರ್ಥ ನಿಜವೇ.

ದಡಾರದ ಸೀಸೆ ಒಮ್ಮೆ ಒಡೆದರೆ ನಾಲ್ಕು ತಾಸಿನೊಳಗೆ ಖರ್ಚಾಗಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ನರ್ಸಬಾಯಿ ಮೊದಲು ಎಣಿಸುತ್ತಿದ್ದರು: ಯಾರು ಬಂದರು, ಯಾರು ಬರಲಿಲ್ಲ. ಬರದವಳ ಮನೆಗೆ ಆಶಾತಾಯಿ ಎದ್ದು ಹೋದರು. ಹತ್ತು ನಿಮಿಷದಲ್ಲಿ ಒಲೆಯ ಮುಂದಿನಿಂದಲೇ ಎಬ್ಬಿಸಿಕೊಂಡು ಬಂದರು. ಈ ಹತ್ತು ನಿಮಿಷದ ಕೆಲಸಕ್ಕೆ ಪುಸ್ತಕದಲ್ಲಿ ಯಾವ ಹೆಸರಿದೆಯೋ. ನನಗೆ ಅನಿಸುವುದು, ಪ್ರಾಥಮಿಕ ಆರೋಗ್ಯ ಎಂಬುದೇ ಇದು. ಬರದವಳು ಯಾರೆಂದು ಗೊತ್ತಿರುವ ಒಬ್ಬರು ಎದ್ದು ಅವಳ ಮನೆಗೆ ಹೋಗುವುದು.

ಸಾಲಿನಲ್ಲಿದ್ದ ಒಬ್ಬ ತಾಯಿಯ ಪ್ಲಾಸ್ಟಿಕ್ ಚೀಲದಲ್ಲಿ ಎರಡು ತಾಯಿ ಕಾರ್ಡುಗಳಿದ್ದವು. ಒಂದು ಮಡಿಲ ಕೂಸಿನದು, ಇನ್ನೊಂದು ಸಾಲೆಗೆ ಹೋಗುವ ದೊಡ್ಡ ಮಗಳದು. ಕೇಳಿದೆ, ಕೊಟ್ಟರು. ಸಣ್ಣದರ ಕಾರ್ಡಿನಲ್ಲಿ ಹುಟ್ಟಿದಾಗಿನದು, ಆರು ವಾರ, ಹತ್ತು ವಾರ, ಹದಿನಾಲ್ಕು ವಾರ, ಎಲ್ಲ ತಾರೀಖೂ ಮೆಟ್ಟಿಲಿಟ್ಟಂತೆ ಒಂದರ ಕೆಳಗೊಂದು. ದೊಡ್ಡ ಮಗಳು ಹುಟ್ಟಿದ್ದು 2020ರ ಫೆಬ್ರುವರಿಯಲ್ಲಿ. ಬಿಸಿಜಿ, ಪೋಲಿಯೋ ಹುಟ್ಟಿದ ವಾರವೇ. ಆರು ವಾರದ್ದು ಏಪ್ರಿಲ್ ಹೊತ್ತಿಗೆ ಬೀಳಬೇಕು. ಅಲ್ಲಿ ಜೂನ್ ಅಂತ ಇತ್ತು. ಆಮೇಲೆ ಇನ್ನೊಂದು ಸಂದು, ಮಳೆಗಾಲದ್ದು. ಒಂಬತ್ತು ತಿಂಗಳ ದಡಾರದ ಹೊತ್ತಿಗೆ ತಾರೀಖು ಮತ್ತೆ ಸರಿದಾರಿಗೆ ಬಂದಿತ್ತು. ಎರಡು ಕಾರ್ಡನ್ನೂ ಪಕ್ಕಪಕ್ಕ ಹಿಡಿದು ನೋಡುತ್ತ ನಿಂತೆ. ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯುವಿನ ಒಂದೂ ಡೋಸು ಸಿಗದ ಭಾರತದ ಕೂಸುಗಳ ಸಂಖ್ಯೆ 2019ರಲ್ಲಿ ಸುಮಾರು 14 ಲಕ್ಷ ಇದ್ದದ್ದು 2020ರಲ್ಲಿ 30 ಲಕ್ಷ ದಾಟಿತು ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಅಂದಾಜು ಮಾಡಿದ್ದವು. ಈ ಹುಡುಗಿ ತಡವಾಗಿಯಾದರೂ ಆ ಸಂಖ್ಯೆಯಿಂದ ಹೊರಗೆ ಬಂದಿದ್ದಳು. ಅವಳನ್ನು ಹೊರಗೆ ತಂದವರು ನನ್ನ ಎದುರಿಗೇ ಕೂತು ಹತ್ತಿ ಉಂಡೆ ಮಾಡುತ್ತಿದ್ದರು.

"ಆವಾಗ ಏನಾತಂದ್ರ ಅಣ್ಣಾರ, ನಮಗ ಇದೊಂದ ಕೆಲಸ ಇರಲಿಲ್ರಿ" ಅಂದರು ಆಶಾತಾಯಿ. ಗೋವಾದಿಂದ, ಪುಣೆಯಿಂದ, ಮುಂಬೈಯಿಂದ ಬಂದವರ ಪಟ್ಟಿ ಮಾಡಬೇಕು. ಅವರ ಬಾಗಿಲಿಗೆ ಚೀಟಿ ಹಚ್ಚಬೇಕು. ಹದಿನಾಲ್ಕು ದಿನ ಹೊರಗೆ ಬರದಂತೆ ನೋಡಬೇಕು. ಮನೆ ಮನೆಗೆ ಹೋಗಿ ಜ್ವರ ಕೇಳಬೇಕು. "ಬಸರಿ ಹೆಣಮಗಳ ಮನಿಗಿ ಹ್ವಾದ್ರೂ ಮೊದಲ ಜ್ವರದ ಕಾಲಂ ತುಂಬೋದು. ಆಮ್ಯಾಲ ಆಕೀ ಕಡೆ ನೋಡೂದು. ಮತ್ತ ನಾವ ಬ್ಯಾನಿ ತರ್ತೀವಂತ ಕೆಲವರು ಬಾಗಲಾ ಹಾಕ್ಕೊಂಡ್ರು." ಅವರ ದನಿಯಲ್ಲಿ ದೂರಿರಲಿಲ್ಲ. ನನಗೇ ಹೊಟ್ಟೆಯಲ್ಲಿ ಸಂಕಟವಾಯಿತು. 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. ಆಗ ರಾಜ್ಯ ಕೊಡುತ್ತಿದ್ದ ನಿಶ್ಚಿತ ಮೊತ್ತ 4,000. ಎರಡು ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಬಂದದ್ದು ನಿಮಗೆ ಗೊತ್ತೇ ಅಂತ ಕೇಳಿದೆ. ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದರು, ಜೋಪಾನವಾಗಿ ಇಟ್ಟುಕೊಂಡಿದ್ದರು.

ಹಳ್ಳಿಯ ನರ್ಸಮ್ಮನಿಂದ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೆ ಸಾಕ್ಷಿ ಒದಗಿಸಿದ್ದೇ ಬೆಳಗಾವಿ ಜಿಲ್ಲೆ. ಹೆರಿಗೆಯಾದ ಕೂಡಲೇ ರಕ್ತ ಹೋಗಿ ಸಾಯುವ ಬಾಣಂತಿಯರನ್ನು ಉಳಿಸಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ ಸಾಕಾದೀತೇ ಅಂತ ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ವಿದೇಶದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಪರೀಕ್ಷಿಸಿದರು. ಗುಳಿಗೆ ಕೊಟ್ಟವರು ದೊಡ್ಡ ಡಾಕ್ಟರರಲ್ಲ, ಹಳ್ಳಿಯ ನರ್ಸುಗಳು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಆ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆಫ್ರಿಕಾದ ಯಾವುದೋ ಗುಡಿಸಲಿನಲ್ಲಿ ಇವತ್ತು ಒಬ್ಬಳು ಬಾಣಂತಿ ಬದುಕಿ ಉಳಿದರೆ ಅದರಲ್ಲಿ ನಮ್ಮ ಹಳ್ಳಿಯ ಯಾವಳೋ ಅವ್ವ, ಯಾವಳೋ ನರ್ಸಬಾಯಿ ಇದ್ದಾರೆ. ಇಂಥ ಕೈಗಳನ್ನು ಜ್ವರದ ಕಾಲಂ ತುಂಬಲು ಹಚ್ಚಿದ ಕಾಲ ಅದು. ಜ್ವರ ಕೇಳುವುದು ಬೇಡವಾಗಿತ್ತು ಎಂದಲ್ಲ. ಅದಕ್ಕೆ ಬೇರೆ ಕೈಗಳನ್ನು ಹುಡುಕಬೇಕಿತ್ತು, ಓದಿ ಮನೆಯಲ್ಲಿ ಕೂತಿದ್ದ ನಮ್ಮಂಥವರ ಕೈಗಳನ್ನಾದರೂ.

ಈ ಸೀಮೆಯ ಜನಕ್ಕೆ ಇನ್ನೊಂದು ಬಾಗಿಲಿತ್ತು, ಗೋವಾ. ಚೋರ್ಲಾ ಘಾಟಿ ಇಳಿದರೆ ಕೂಲಿ ಅಲ್ಲಿ, ದೊಡ್ಡ ಬೇನೆ ಬಂದರೆ ಬಾಂಬೋಳಿಯ ಮೆಡಿಕಲ್ ಕಾಲೇಜೂ ಅಲ್ಲೇ. 2020ರಲ್ಲಿ ಆ ಬಾಗಿಲು ಮುಚ್ಚಿತು. 2021ರ ಮೇ ತಿಂಗಳಲ್ಲಿ ಗೋವಾ ಪ್ರವೇಶಕ್ಕೆ ಸೋಂಕಿಲ್ಲವೆಂಬ ಪ್ರಮಾಣಪತ್ರ ಕಡ್ಡಾಯವಾಯಿತು. ಪರೀಕ್ಷೆ ಮಾಡಿಸಲು ಹೋಗಲು ಬಸ್ಸಿಲ್ಲದ ಊರಿನವರಿಗೆ ಆ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಇದೇ ನೋವನ್ನು ಕಾಸರಗೋಡಿನ ಕನ್ನಡಿಗರು ನಮಗಿಂತ ಮೊದಲೇ ಉಂಡಿದ್ದರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿಯಲ್ಲಿ ಸಿಕ್ಕಿಬಿದ್ದರು, ಕೆಲವರು ಸತ್ತರು. ಕೇರಳ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಅಲ್ಲಿ ಮುಚ್ಚಿದವರು ನಾವು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಸೂಜಿ ಮುಗಿದ ಮೇಲೆ ನರ್ಸಬಾಯಿ ಪೆಟ್ಟಿಗೆ ಮುಚ್ಚಿದರು. ಮಳೆಗಾಲದಲ್ಲಿ ಒಳಗಿನ ಊರುಗಳಿಗೆ ಹೇಗೆ ಅಂತ ಕೇಳಿದೆ. "ನಡಕೋಂತ ರೀ, ಹಳ್ಳ ಇಳದ್ರ" ಅಂದರು. ಇಳಿಯದಿದ್ದರೆ? ಅವರು ಬರೇ ಕೈ ತಿರುವಿದರು. ಭೀಮಗಡದ ಒಳಗಿನ ಆಮಗಾಂವ ರಾಜ್ಯದ ಅತಿ ಹೆಚ್ಚು ಮಳೆಯ ಜಾಗಗಳಲ್ಲಿ ಒಂದು. ಜೂನ್ ಬರುವ ಮೊದಲು ಅಲ್ಲಿನವರು ಅಕ್ಕಿ, ಕಟ್ಟಿಗೆ, ಉಪ್ಪು ಕೂಡಿಟ್ಟುಕೊಳ್ಳುತ್ತಾರೆ. ಹಳ್ಳಕ್ಕೆ ಮರದ ಸೇತುವೆ ಕಟ್ಟಿಕೊಳ್ಳುತ್ತಾರೆ. 2024ರ ಜುಲೈನಲ್ಲಿ ಆ ಊರಿನ ಒಬ್ಬ ಹೆಣ್ಣುಮಗಳನ್ನು ಕಟ್ಟಿಗೆಯ ಚೌಕಟ್ಟಿಗೆ ಕಟ್ಟಿ, ಸುರಿಯುವ ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೆಗಲ ಮೇಲೆ ಹೊತ್ತು ಆಂಬುಲೆನ್ಸಿನ ತನಕ ತಂದರು. ಬೆಳಗಾವಿ ತಲುಪಿದರೂ ಅವಳು ಉಳಿಯಲಿಲ್ಲ. ಆ ವರ್ಷ ಕೊರೊನಾ ಇರಲಿಲ್ಲ. ನಾವು ಪಟ್ಟಣದವರು ಲಾಕ್‌ಡೌನ್ ಎಂಬ ಮಾತನ್ನು 2020ರಲ್ಲಿ ಕಲಿತೆವು. ಇವರು ಪ್ರತಿ ವರ್ಷ ನಾಲ್ಕು ತಿಂಗಳು ಅದನ್ನು ಬದುಕುತ್ತಾರೆ. ಈಗ ಒಳಗಿನ ಊರುಗಳನ್ನು ಹೊರಗೆ ತರುವ ಕೆಲಸ ಶುರುವಾಗಿದೆ. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ತಲಾ 10 ಲಕ್ಷದ ಮೊದಲ ಕಂತು ಕೊಟ್ಟರು. ಹೋಗುವವರ ಮನಸ್ಸು ಅವರಿಗೇ ಗೊತ್ತು. ಉಳಿಯುವವರು ಇರುವ ತನಕ ಹಳ್ಳದ ಮೇಲೆ ಒಂದು ಗಟ್ಟಿ ಸೇತುವೆ ಬೇಕು, ಮಳೆಗಾಲಕ್ಕೆ ಮುಂಚೆ ಅಕ್ಕಿಯ ಜೊತೆ ನಾಲ್ಕು ತಿಂಗಳ ಗುಳಿಗಿಯೂ ಆ ಮನೆಗಳಿಗೆ ಸೇರಬೇಕು. ಬೆಳಗಾವಿಗೆ ಇದು ಆಗದ ಕೆಲಸವಲ್ಲ. ಒಂದೇ ದಿನದಲ್ಲಿ ಪುಣೆಯಿಂದ ಒಂದೂವರೆ ಲಕ್ಷ ಡೋಸು ತಣ್ಣಗೆ ತಂದು ಇಳಿಸಿಕೊಂಡ ಊರು ಅದು.

ಅತ್ತಿ ಕಟ್ಟೆಯ ಮೇಲೆ ಕೂತು ಒಂದೇ ಕೈಯಲ್ಲಿ ಅಲಸಂದಿ ಸುಲಿಯುತ್ತಿದ್ದಳು. ಪಕ್ಕಕ್ಕೆ ಕೂತೆ. ಆ ಮೇ ತಿಂಗಳ ಬಗ್ಗೆ ಅವಳು ತಾನಾಗಿ ಎಂದೂ ಮಾತಾಡಿದವಳಲ್ಲ. ಇವತ್ತು ನಾನು ಖಾನಾಪುರದ ಸಾಲಿನ ಸುದ್ದಿ ಹೇಳಿದ ಮೇಲೆ ಅವಳೇ ತೆಗೆದಳು.

"ಅರ್ಧ ಅರ್ಧ ಮುರದ ತಗೊಂಡೆ. ಆಮ್ಯಾಲ ಒಂದಿನ ಬಿಟ್ಟ ಒಂದಿನ. ಆಮ್ಯಾಲ ಮುಗದ್ವು."

"ಆಶಾತಾಯಿಗೆ ಹೇಳಬೇಕಿತ್ತಲ್ಲ ಅತ್ತಿ."

"ಅಕಿ ತಲಿ ಮ್ಯಾಲ ಇಡೀ ಊರ ಇತ್ತು. ನನ್ನದೊಂದ ಯಾತಕ್ಕ ಅನಿಸ್ತು."

"ನನಗರ ಹೇಳಬೇಕಿತ್ತು."

ಅವಳು ಸಿಪ್ಪೆ ಕೊಡವಿದಳು. "ನೀ ಜ್ವರಾ ಕೇಳ್ತಿದ್ದಿ" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಳಗೆ ಹೋಗಿ ದೇವರ ಮಾಡದ ಪಕ್ಕದ ಡಬ್ಬಿ ತಂದು ತೆಗೆದೆ. ಗುಳಿಗಿಯ ಪಟ್ಟಿಗಳನ್ನು ಕಟ್ಟೆಯ ಮೇಲೆ ಹರವಿ ಇಬ್ಬರೂ ಎಣಿಸಿದೆವು. ಮೂವತ್ತೊಂಬತ್ತು. ಅತ್ತಿ ಬಲಗೈ ಬೆರಳಿನಿಂದ ಇನ್ನೊಮ್ಮೆ ಎಣಿಸಿದಳು.